ಸುಟ್ಟ ಮೋಟಾರಿನ ಮಂಗಳವಾರ

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬೀದರಿನ ಮೈಲೂರು ಬಡಾವಣೆಯ ನಮ್ಮ ಸೋದರಮಾವನ ಅಂಗಡಿಯಲ್ಲಿ ನಾಲ್ವರು ನಿಂತಿರುತ್ತಿದ್ದೆವು. ನಡುವೆ ಒಂದು ಹೆಣ. ಗಾಬರಿಯಾಗಬೇಡಿ! ಹೆಣವೆಂದರೆ ಸುಟ್ಟುಹೋದ ಪಂಪಿನ ಮೋಟಾರು. ನಾವು ತಂತಿ ಸುತ್ತಿ ಕಳಿಸಿದ್ದು, ಕೆಟ್ಟು ವಾಪಸ್ ಬಂದದ್ದು. ಅದನ್ನು ಗೋಣಿಚೀಲದ ಮೇಲೆ ಮಲಗಿಸಿ, ಹೇಗೆ ಸತ್ತಿತೆಂದು ವಿಚಾರಣೆ ನಡೆಸುವುದು. ಇದಕ್ಕೆ ಮಾವ ಇಟ್ಟ ಹೆಸರು ಬಿಜಿನೆಸ್ ರಿವ್ಯೂ. ಇಂಥ ರಿವ್ಯೂ ಮಾಡುವ ಇನ್ನೊಬ್ಬ ಮಹಾನುಭಾವ ಎಲ್ಲಾದರೂ ಸಿಕ್ಕರೆ ಹೇಳಿ, ಹೋಗಿ ಕೈಮುಗಿದು ಬರುತ್ತೇನೆ.

ನಾಲ್ವರಲ್ಲಿ ಮೊದಲನೆಯವರು ಮಾವ. ಎರಡನೆಯವಳು ಮಾವನದೇ ಭಾಲ್ಕಿಯ ಅಂಗಡಿ ನೋಡಿಕೊಳ್ಳುವ ಭಾತಂಬ್ರಾದ ಸುಜಾತಾ. ಐಟಿಐಯೂ ಪಾಸು, ನಾಲಿಗೆಯೂ ಪಾಸು. ಔರಾದಿನ ಅಂಗಡಿಯಿಂದ ಬರುವವರು ಉಸ್ತಾದ್. ಮಾವನಿಗೆ ತಂತಿ ಸುತ್ತಲು ಕಲಿಸಿದವರೇ ಅವರು. ಕೊನೆಯವನು ನಾನು. ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುವ ತಪ್ಪಿಗೆ ಸಭೆಯ ನಡಾವಳಿ ಬರೆಯುವ ಶಿಕ್ಷೆ.

ಇದೆಲ್ಲ ಶುರುವಾದದ್ದು ಸಣ್ಣ ಉದ್ದಿಮೆದಾರರ ಒಂದು ದಿನದ ಶಿಬಿರದಿಂದ. ತಂಡ ಸಣ್ಣದಿದ್ದರೂ ವಾರಕ್ಕೊಮ್ಮೆ ಎಲ್ಲರೂ ಕೂತು ವ್ಯವಹಾರ ಹೇಗೆ ನಡೆದಿದೆ ನೋಡಬೇಕು ಎಂದು ಯಾರೋ ಅಲ್ಲಿ ಹೇಳಿದರಂತೆ. ಮಾವ ಬಂದವರೇ ಕುರ್ಚಿಗಳನ್ನೆಲ್ಲ ಅಟ್ಟಕ್ಕೇರಿಸಿದರು.

“ಮಾಮಾ, ಕೂತು ನೋಡ್ರಿ ಅಂದಾರಲ್ಲ?”

“ಕೂತ್ರ ಚಾ ಬೇಕಾಗ್ತದ. ಚಾ ಬಂತಂದ್ರ ಹಿಂದ ಸುಳ್ಳು ಬರ್ತದ. ನಿಲ್ಲು!”

ಒಳ್ಳೆಯ ಸುದ್ದಿಗೆ ಅಲ್ಲಿ ಪ್ರವೇಶವಿರಲಿಲ್ಲ. ಒಮ್ಮೆ ಸುಜಾತಾ, “ಕಾಕಾ, ನನ್ನ ಅಂಗಡಿದು ಒಂದೂ ವಾಪಸ್ ಬಂದಿಲ್ರಿ,” ಎಂದು ಹಿಗ್ಗಿದಳು.

“ಹಂಗಾದ್ರ ನೀ ಯಾಕ ಬಂದಿ? ಬಸ್ಸಿನ್ಯಾಗ ಒಂದು ಸೀಟ್ ಹಾಳು!”

ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಮೂರು ನಿಯಮ ಬರೆಸಿದ್ದರು. ಕೊಂದವರು ತಾವಾಗಿಯೇ ಒಪ್ಪಿಕೊಳ್ಳಬೇಕು, ಒಪ್ಪಿದವರಿಗೆ ಬೈಗುಳವಿಲ್ಲ. ಹೆಣದ ಮುಂದೆ ಸುಳ್ಳು ಹೇಳಕೂಡದು. ಒಂದೇ ಅಂಗಡಿಯಿಂದ ಸಾಲಾಗಿ ಮೂರು ವಾರ ಹೆಣ ಬಂದರೆ ಆ ಅಂಗಡಿ ಬಂದ್.

“ಮೂರನೇದು ಭಾಳ ಕಠಿಣ ಆಯ್ತಲ್ರಿ?” ಎಂದೆ.

“ಬಾವ್ಯಾಗ ಇಳಿಸಿದ ಮೋಟಾರ್ ಸುಟ್ರ ಬೆಳಿ ಒಣಗ್ತದ. ನಮ್ಮ ಮಾರಿ ನೋಡಿ ಅದು ಕಾಯ್ತದೇನು?”

ಕಳೆದ ವರ್ಷ ಔರಾದಿನಿಂದ ಒಂದು ಹೆಣ ಬಂತು. “ವೋಲ್ಟೇಜ್ ಖರಾಬ್ ಅದ,” ಎಂದರು ಉಸ್ತಾದ್. ಮರುವಾರ ಇನ್ನೊಂದು. “ತಂತಿ ಸರಿ ಇಲ್ಲ.” ಮೂರನೆಯ ವಾರ ನಾನು ಹತ್ತಕ್ಕೆ ಮೊದಲೇ ಅಂಗಡಿಗೆ ಹೋಗಿಬಿಟ್ಟೆ. ಮಾವ ಮತ್ತೊಂದು ಸುಟ್ಟ ಮೋಟಾರಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು, ಕೈಯಲ್ಲಿ ಕತ್ತರಿ. ಸುತ್ತಿದ ತಂತಿಯನ್ನು ದಾರದಿಂದ ಬಿಗಿಯುತ್ತಾರೆ. ಗಂಟು ನೋಡಿದರೆ ಯಾರ ಕೈಯದೆಂದು ತಿಳಿಯುತ್ತದೆ. ಉಸ್ತಾದರ ಗಂಟು ಜೋಳದ ಕಾಳಿನಷ್ಟು. ಮಾವನದು ಆಲೂಗಡ್ಡೆ! ಮಾವ ಜೋಳ ಕತ್ತರಿಸಿ ಆಲೂಗಡ್ಡೆ ಕಟ್ಟುತ್ತಿದ್ದರು.

“ಏನ್ ಮಾಡ್ಲತ್ತೀರಿ ಮಾಮಾ?”

“ನೀ ಬರಿಯೋನು. ಬರಿ. ನೋಡಬ್ಯಾಡ.”

ಹತ್ತಕ್ಕೆ ಸಭೆ ಸೇರಿತು. “ಇದು ನಂದು. ಇಲ್ಲೇ ಕಟ್ಟಿದ್ದೆ,” ಎಂದರು ಮಾವ. ಸುಜಾತಾ ಬಗ್ಗಿ ನೋಡಿದಳು. ಮೋಟಾರಿನ ಒಳಗೆಲ್ಲ ಇದ್ದಿಲು, ದಾರ ಮಾತ್ರ ಅಚ್ಚ ಬಿಳುಪು. ಸುಳ್ಳನ್ನಾದರೂ ನೆಟ್ಟಗೆ ಹೇಳಬಾರದೇ!

“ಕಾಕಾ, ಎಲ್ಲಾ ಸುಟ್ಟು ಕರ್ರಗ ಆಗ್ಯದ, ದಾರ ಮಾತ್ರ...” ಎಂದವಳು ಮಾವನ ಮುಖ ನೋಡಿದಳು. “ದಾರ ಮಾತ್ರ ಚಲೋ ಕಂಪನಿದು ನೋಡ್ರಿ.”

ಅವಳ ನಾಲಿಗೆ ಫೇಲಾದದ್ದನ್ನು ಅಂದೇ ಮೊದಲು ಕಂಡೆ.

ಉಸ್ತಾದ್ ಬಿಳುಪನ್ನು ನೋಡಲಿಲ್ಲ. ಬಗ್ಗಿ ಬೆರಳಾಡಿಸಿದರು. ವಾರ್ನಿಶ್ ಕುಡಿದ ದಾರ ಕಡ್ಡಿಯಂತೆ ಬಿರುಸಾಗಿರುತ್ತದೆ; ಇದು ಮೆತ್ತಗಿತ್ತು. ಬೆರಳು ಅಲ್ಲೇ ನಿಂತಿತು.

“ಗಂಟು ಹಾಕೋದು ನೀ ಇನ್ನಾ ಕಲೀಲಿಲ್ಲ, ಬೇಟಾ,” ಎಂದು ಹೇಳಿ ಬಸ್ಸಿಗೆ ಹೊರಟುಹೋದರು.

‘ಬೀದರ್ ಅಂಗಡಿ, ಒಂದು’ ಎಂದು ನಾನು ಬರೆದೆ.

ಮುಂದಿನ ಮಂಗಳವಾರ ಹೆಣವಿರಲಿಲ್ಲ. ಉಸ್ತಾದ್ ಖಾಲಿ ಗೋಣಿಚೀಲದ ಮೇಲೆ ಔರಾದಿನ ಕೀಲಿಕೈ ಇಟ್ಟರು.

“ಹ್ವಾದ ವಾರದ್ದು ನಂದು. ಅದರ ಹಿಂದಿನವೂ ನನ್ನವೇ. ವೋಲ್ಟೇಜಿಂದು ತಪ್ಪಿಲ್ಲ, ತಂತೀದೂ ಇಲ್ಲ. ಕಣ್ಣಿಂದು. ಹೋಗಿದ್ದು ತಿರುಗಿ ಬರಂಗಿಲ್ಲ ಅಂದಾರ ಡಾಕ್ಟರ್.”

“ಉಸ್ತಾದ್, ನಾ ಒಪ್ಪಿಕೊಂಡಿದ್ದೆನಲ್ರಿ...”

“ಹೆಣದ ಮುಂದ ಸುಳ್ಳು ಹೇಳಬಾರದಂತ ಬರಸ್ದಂವ ನೀನೇ.”

ಮಾವ ಏಣಿ ಹತ್ತಿ ಅಟ್ಟದಿಂದ ಒಂದು ಕುರ್ಚಿ ಇಳಿಸಿದರು. ತಮ್ಮ ಹೆಗಲ ಟವೆಲಿನಿಂದ ಒರೆಸಿ, ಉಸ್ತಾದರ ಕೈ ಹಿಡಿದು ಕೂರಿಸಿದರು.

ಆ ವಾರವೇ ಔರಾದಿನ ಶಟರ್ ಇಳಿಯಿತು. ಮರುಮಂಗಳವಾರವೂ ಉಸ್ತಾದ್ ಬಸ್ಸಿನಲ್ಲಿ ಬಂದರು. ಮಾವ ಆಗಷ್ಟೇ ಕಟ್ಟಿದ್ದ ಮೋಟಾರನ್ನು, ವಾರ್ನಿಶ್ ಹಾಕುವ ಮುನ್ನ, ಸ್ಟೂಲಿನ ಮೇಲೆ ಅವರ ಕೈಗೆಟಕುವಂತೆ ಇಟ್ಟರು. ಉಸ್ತಾದ್ ಬೆರಳಾಡಿಸಿ, ಆಲೂಗಡ್ಡೆಯ ಗಂಟೊಂದನ್ನು ಬಿಚ್ಚಿ, ಸಣ್ಣದಾಗಿ ಕಟ್ಟಿದರು.