ನಮ್ಮ ಬಿಯರ್ ಹಬ್ಬದ ನಿಜವಾದ ಸ್ಥಾಪಕರು

ಕುಡಿಯುವವರ ನಡುವೆ ಕುಡಿಯದವನಿಗೆ ಒಂದು ವಿಶೇಷ ಗೌರವವಿರುತ್ತದೆ. ಮನೆಗೆ ಹೊರಡುವಾಗ ಯಾವ ಚಪ್ಪಲಿ ಯಾರದು ಎಂದು ಹೇಳಬಲ್ಲವನು ಅವನೊಬ್ಬನೇ. ಸಿಂಗಪುರದ ಸೆಂಬವಾಂಗಿನ ನಮ್ಮ ಕಾಂಡೋದಲ್ಲಿ, ಅಂದರೆ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ, ವರ್ಷಕ್ಕೊಮ್ಮೆ ನಡೆಯುವ ಬಿಯರ್ ಹಬ್ಬದಲ್ಲಿ ನಾನು ಅಂಥ ಸ್ವಯಂಸೇವಕ. ಹವ್ಯಾಸಿಗಳು ಮನೆಯಲ್ಲೇ ತಯಾರಿಸಿದ ಬಿಯರ್ ತಂದು ಹಂಚುತ್ತಾರೆ, ನಾನು ಕುರ್ಚಿ ಹಾಕುತ್ತೇನೆ. ಈ ಸಲ ಹಬ್ಬದ ಇತಿಹಾಸವನ್ನು ಒಂದು ಪುಟ ಬರೆದುಕೊಡುವ ಕೆಲಸವೂ ನನ್ನ ತಲೆಗೇ ಬಂತು. "ನೆನಪಿರೋದು ನಿನಗೊಬ್ಬನಿಗೇ" ಅಂದರು ಎಲ್ಲರೂ.

ಮೊದಲು, ಹಬ್ಬ ಶುರುಮಾಡಿದ ದಿನೇಶನ ಮನೆಗೆ ಹೋದೆ. ಉಡುಪಿಯವನು, ಪಾಯಾ ಲೆಬಾರಿನಲ್ಲಿ ಐಟಿ ಕೆಲಸ. "ಅಕ್ಕಪಕ್ಕದವರಲ್ಲಿ ಸ್ನೇಹ ಬೆಳೆಸಬೇಕು ಅನ್ನೋ ವಿಷನ್ ಇತ್ತು ನನಗೆ" ಎಂದ. ವಿಷನ್ ಎಂದು ಬರೆದುಕೊಳ್ಳುತ್ತಿದ್ದಾಗ ಅವನ ಹೆಂಡತಿ ಶೈಲಜಾ ಒಳಗಿನಿಂದ ಬಂದು, "ಬಾಟಲಿ ಒಡೆದದ್ದು ಹೇಳಿದ್ರಾ?" ಎಂದು ಕೇಳಿದರು.

ಆಗಿದ್ದಿಷ್ಟು. ದಿನೇಶ ತನ್ನ ಮೊದಲ ಬಿಯರಿಗೆ ಸಕ್ಕರೆ ಜಾಸ್ತಿ ಹಾಕಿ, ಕತ್ತಲೆ ಬೇಕೆಂದು ಬಾಟಲಿಗಳನ್ನು ಬಟ್ಟೆ ಬೀರುವಿನಲ್ಲಿಟ್ಟಿದ್ದ. ಭಾನುವಾರ ಮಧ್ಯಾಹ್ನ ಒಳಗೆ ಗ್ಯಾಸ್ ಹೆಚ್ಚಾಗಿ ನಾಲ್ಕು ಬಾಟಲಿ ಒಂದರ ಹಿಂದೊಂದು ಸಿಡಿದವು. ಯೂನಿಫಾರ್ಮನ್ನು ಎರಡು ಸಲ ಒಗೆದರೂ ಸೋಮವಾರ ಮಗಳು ಶಾಲೆಗೆ ಹೋದದ್ದು ಬಿಯರಿನ ಪರಿಮಳದ ಸಮೇತ. ಟೀಚರಿಂದ ಫೋನ್ ಬಂತು.

"ಇನ್ನೊಂದು ಬಾಟಲಿ ಈ ಮನೇಲಿ ಇರೋ ಹಾಗಿಲ್ಲ ಅಂದೆ" ಎಂದರು ಶೈಲಜಾ.

ಉಳಿದ ಬಾಟಲಿಗಳನ್ನು ದಿನೇಶ ಫಂಕ್ಷನ್ ರೂಮಿಗೆ ಸಾಗಿಸಿ ನೆರೆಯವರನ್ನೆಲ್ಲ ಕರೆದ. ಒಬ್ಬರೂ ಬರಲಿಲ್ಲ. ಒಬ್ಬನೇ ಕೂತಿದ್ದ ಗಂಡನನ್ನು ನೋಡಿ ಶೈಲಜಾಗೆ ಪಾಪ ಅನ್ನಿಸಿತು. ಗೋಳಿಬಜೆ ಕರಿದು ತಂದರು. ಆ ವಾಸನೆಗೆ ಮೂರು ಬ್ಲಾಕಿನವರು ಇಳಿದು ಬಂದರು. ಅದೇ ಮೊದಲ ಹಬ್ಬ.

"ಇದನ್ನೆಲ್ಲ ಹಾಕ್ಬೇಡ ಮಾರಾಯ" ಎಂದ ದಿನೇಶ.

"ಹಾಕದಿದ್ರೆ ಈ ವರ್ಷ ಗೋಳಿಬಜೆ ಇಲ್ಲ" ಎಂದರು ಶೈಲಜಾ.

ಗೋಳಿಬಜೆ ಇಲ್ಲದ ಹಬ್ಬಕ್ಕೆ ಇತಿಹಾಸ ಇರಬಹುದು, ಭವಿಷ್ಯ ಇರುವುದಿಲ್ಲ. ನಡೆದದ್ದನ್ನೇ ಬರೆದೆ. ದಿನೇಶ ಎರಡು ಸಲ ಓದಿ, ಕೊನೆಗೆ "ಹೌದು, ಅವಳು ಬರದಿದ್ರೆ ಅವತ್ತೇ ಬಿಟ್ಟುಬಿಡ್ತಿದ್ದೆ" ಎಂದ.

ಹಬ್ಬದ ದಿನ ಮೈಕ್ ಹಿಡಿದು "ನಮ್ಮ ಫೌಂಡರ್ ಶೈಲಜಾ" ಎಂದು ಕರೆದವನೂ ಅವನೇ. ಒಲೆಯ ಮುಂದಿದ್ದ ಅವರು ಸೌಟನ್ನು ನನ್ನ ಕೈಗಿಟ್ಟು ಹೋದರು. ಅತ್ತ ಚಪ್ಪಾಳೆ ಮುಗಿಯುವಷ್ಟರಲ್ಲಿ ಇತ್ತ ಗೋಳಿಬಜೆ ಇದ್ದಿಲಾಗಿತ್ತು. ಹೆದರುತ್ತಲೇ ತಟ್ಟೆ ಹೊರಗಿಟ್ಟೆ. ಎರಡೇ ನಿಮಿಷದಲ್ಲಿ ಖಾಲಿ. ಪಕ್ಕದ ಬ್ಲಾಕಿನ ಅಂಕಲ್ ಒಬ್ಬರು "ವೆರಿ ನೈಸ್ ಲಾ" ಎಂದು ಇಲ್ಲಿಯ ಧಾಟಿಯಲ್ಲಿ ಹೊಗಳಿ ರೆಸಿಪಿಯನ್ನೂ ಕೇಳಿದರು. ಉಬ್ಬಿಹೋದೆ. ಆಮೇಲೆ ನೋಡಿದರೆ ಅವರ ಕೈಯಲ್ಲಿದ್ದದ್ದು ಐದನೇ ಗ್ಲಾಸು. ನನ್ನ ಕೈರುಚಿಯನ್ನು ಮೆಚ್ಚುವವರಿದ್ದಾರೆ, ಆದರೆ ಅದಕ್ಕೆ ಅವರು ಮೊದಲು ಇಷ್ಟು ತಯಾರಾಗಿ ಬರಬೇಕು.