ಕಮ್ಮಿ ಫೀಸಿನ ಕೇಸು

ನರಸಿಂಹರಾಜಪುರದ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ರೇಣುಕಪ್ಪನ ಕೈಯಿಂದ ನಿನ್ನೆ ಸಂಜೆ ಮುಚ್ಚಳ ತೆಗೆದಿದ್ದ ಕೆಂಪು ಪೇಂಟಿನ ಡಬ್ಬ ಜಾರಿತು. ನೆಲಕ್ಕೆ ಬಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಬಿದ್ದದ್ದು, ಪಕ್ಕದಂಗಡಿಯ ಕಮಾಲುದ್ದೀನ್ ಮದುವೆ ಮನೆಯೊಂದಕ್ಕೆ ಹೊಲಿದು ಹೊರಗಿಟ್ಟಿದ್ದ ಹೊಸ ಹಾಸಿಗೆಯ ಮೇಲೆ.

“ನಿನ್ನ ಕೈ ಮುರೀತೀನಿ! ಸ್ಟೇಷನ್ ಮೆಟ್ಟಿಲು ಹತ್ತಿಸ್ತೀನಿ!” ಎಂದು ಕಮಾಲುದ್ದೀನ್ ಕೂಗಿದ್ದು ಇಡೀ ಪೇಟೆಗೆ ಕೇಳಿಸಿತ್ತು. ಇಬ್ಬರೂ ಒಂದು ಟೀಯನ್ನು ಎರಡು ಮಾಡಿ ಕುಡಿಯುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು. ಬೆಳಗಾದರೆ ಸರಿಹೋಗುತ್ತದೆ ಎಂದುಕೊಂಡು ರೇಣುಕಪ್ಪ ಮಲಗಿದ್ದ.

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಫೋನ್ ಬಂತು. “ಪೊಲೀಸ್ ಸ್ಟೇಷನ್ನಿಂದ. ಕಮಾಲುದ್ದೀನ್ ವಿಷಯ. ಆಧಾರ್ ಕಾರ್ಡ್ ತಗೊಂಡು ಇವತ್ತೇ ಬನ್ನಿ” ಎಂದು ಪೇದೆ ಫೋನಿಟ್ಟರು.

ರೇಣುಕಪ್ಪನಿಗೆ ಜೈಲಿನ ಭಯ ಆಮೇಲೆ ಬಂತು. ಕಮಾಲು ನಿಜವಾಗಿಯೂ ದೂರು ಕೊಟ್ಟುಬಿಟ್ಟನಲ್ಲ ಎಂಬ ಸಂಕಟ ಮೊದಲು ಬಂತು. ಅವನನ್ನೇ ಕೇಳೋಣವೆಂದರೆ ಅವನು ಮುಖ ತಿರುಗಿಸಿಕೊಂಡು ಹತ್ತಿ ಹಿಂಜುತ್ತಿದ್ದ.

“ಆಧಾರ್ ಕೇಳಿದ್ರಾ? ಹಂಗಾದ್ರೆ ಎಫ್‌ಐಆರ್ ಆಗಿದೆ ಮಾರಾಯ” ಎಂದ ಎದುರಿನ ಹೋಟೆಲಿನ ಪುಟ್ಟಪ್ಪ, ಬಹಳ ಉತ್ಸಾಹದಿಂದ.

ಬೇಲಿ ಜಗಳಕ್ಕೆ ಕೊಪ್ಪದ ಕೋರ್ಟಿಗೆ ಅಲೆದು ಅರ್ಧ ವಕೀಲನೇ ಆಗಿದ್ದ ಕಾಂತೇಶ ಅಲ್ಲೇ ದೋಸೆ ತಿನ್ನುತ್ತಿದ್ದ. “ಒಬ್ಬನೇ ಹೋದ್ರೆ ಒಳಗೇ ಕೂರಿಸ್ತಾರೆ. ಮೊದ್ಲು ಕ್ರಿಮಿನಲ್ ವಕೀಲರನ್ನ ಹಿಡಿ” ಎಂದು ಎಬ್ಬಿಸಿ ಕಳಿಸಿದ.

ವಕೀಲರು ಹೋಟೆಲ್ ಮಾಣಿ ತಿಂಡಿ ಹೇಳುವ ಹಾಗೆ ಫೀಸು ಹೇಳಿದರು: “ನಿರೀಕ್ಷಣಾ ಜಾಮೀನು ಮೂವತ್ತು ಸಾವಿರ. ಮಾಮೂಲಿ ಜಾಮೀನು ಇಪ್ಪತ್ತು. ಕೇಸ್ ಪೂರ್ತಿ ನಡೆಸೋದಾದ್ರೆ ಕೂತು ಮಾತಾಡಬೇಕು.”

“ಇನ್ನೂ ಕಮ್ಮಿದು ಯಾವ್ದೂ ಇಲ್ವಾ ಸಾರ್?”

“ಪ್ರತಿದೂರು ಇದೆ. ಐದು ಸಾವಿರ. ಅವರೊಂದು ಕೊಟ್ರೆ ನೀವೂ ಒಂದು ಕೊಡೋದು. ಕೈ ಮುರೀತೀನಿ ಅಂದಿದಾರಲ್ಲ, ಅಷ್ಟು ಸಾಕು.”

ಜೇಬಿನಲ್ಲಿ ಅಷ್ಟೂ ಇರಲಿಲ್ಲ. ಕೈ ಸಾಲ ಬೇಕಾದಾಗಲೆಲ್ಲ ರೇಣುಕಪ್ಪನ ಕಾಲು ಹೋಗುವುದು ಒಂದೇ ಕಡೆ. ಇವತ್ತೂ ಹೋಯಿತು. ಹತ್ತಿಯ ರಾಶಿಯ ಮುಂದೆ ನಿಂತ ಮೇಲೇ ತಾನು ಯಾರ ಹತ್ತಿರ ಬಂದಿದ್ದೇನೆಂದು ಅವನಿಗೆ ಹೊಳೆದದ್ದು.

“ಎಷ್ಟು?” ಎಂದ ಕಮಾಲುದ್ದೀನ್, ತಲೆಯೆತ್ತದೆ.

“ಐದು ಸಾವಿರ.”

“ನಿನ್ನ ಹತ್ರ ಮಾತಾಡಲ್ಲ ನಾನು. ನೀಲಾಂಬಿಕಕ್ಕ ಹುಷಾರಾಗಿದಾರಾ? ಅಷ್ಟು ಹೇಳು.”

“ಹೆಂಡ್ತಿ ಹುಷಾರಾಗಿದಾಳೆ.”

ಗಲ್ಲಾಪೆಟ್ಟಿಗೆಯಿಂದ ನೋಟು ಹೊರಬಂದವು. ಕಮಾಲುದ್ದೀನ್ ಮತ್ತೆ ಮುಖ ತಿರುಗಿಸಿಕೊಂಡ.

ವಕೀಲರಿಗೆ ಫೀಸು ಕೊಟ್ಟು ಪ್ರತಿದೂರಿಗೆ ಸಹಿ ಹಾಕುತ್ತ ರೇಣುಕಪ್ಪ ಕೇಳಿಕೊಂಡ. “ಸ್ವಲ್ಪ ಮೆತ್ತಗೆ ಬರೀರಿ ಸಾರ್. ಹಳೇ ಸ್ನೇಹ.”

“ಮೆತ್ತಗೆ ಮಾಡೋಕೆ ಇದೇನು ಹಾಸಿಗೆಯೇನ್ರೀ?” ಎಂದು ವಕೀಲರು ಅದನ್ನು ಜೂನಿಯರ್ ಕೈಲಿ ಬೈಕಿನಲ್ಲಿ ಮುಂದಾಗಿ ಸ್ಟೇಷನ್ನಿಗೆ ಕಳಿಸಿಯೇಬಿಟ್ಟರು.

ಹಿಂದೆಯೇ ರೇಣುಕಪ್ಪ ಸ್ಟೇಷನ್ ತಲುಪಿದ. ಪೇದೆ ಕುರ್ಚಿ ಕೊಟ್ಟರು. “ಕಮಾಲುದ್ದೀನ್ ಅವರು ಹೆಂಡ್ತಿ ಅಖ್ತರ್ ಬಾನು ಜೊತೆ ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋಗ್ತಾರಂತೆ. ಪಾಸ್‌ಪೋರ್ಟಿಗೆ ಅಕ್ಕಪಕ್ಕದವರ ಸಾಕ್ಷಿ ಬೇಕು. ಹೋದ ವಾರವೇ ನಿಮ್ಮ ಹೆಸರು ಬರೆಸಿದಾರೆ. ಮನುಷ್ಯ ಹೇಗೆ?”

ರೇಣುಕಪ್ಪನ ಕಣ್ಣು ತುಂಬಿ ಬಂತು. “ದೇವರಂಥ ಮನುಷ್ಯ ಸಾರ್. ಬೆಳಿಗ್ಗೆ ತಾನೆ ಕೇಳಿದ ತಕ್ಷಣ ದುಡ್ಡು ಕೊಟ್ಟ.”

“ಮತ್ತೆ ಇದು?” ಪೇದೆ ಇನ್ನೊಂದು ಕಾಗದ ಎತ್ತಿ ಹಿಡಿದರು. ಕೆಳಗೆ ರೇಣುಕಪ್ಪನದೇ ಸಹಿ. “ಇದು ಇತ್ಯರ್ಥ ಆಗೋ ತನಕ ಪಾಸ್‌ಪೋರ್ಟ್ ಮುಂದಕ್ಕೆ ಹೋಗಲ್ಲ. ಅವರಿಗೂ ಫೋನ್ ಮಾಡಿ ಬರೋಕೆ ಹೇಳಿದೀವಿ.”

ರೇಣುಕಪ್ಪ ಅಲ್ಲಿಂದಲೇ ವಕೀಲರಿಗೆ ಫೋನ್ ಮಾಡಿದ. ವಾಪಸ್ ತೆಗೆದುಕೊಳ್ಳುವುದಕ್ಕೆ ಬೇರೆ ಫೀಸು ಎಂದರು.

ಅಂಗಡಿಗೆ ಮರಳಿದಾಗ ಕಮಾಲುದ್ದೀನ್ ಕೆಂಪು ಪೇಂಟು ಬಿದ್ದ ಹಾಸಿಗೆಯ ಮೇಲೆಯೇ ಕೂತಿದ್ದ. ಕೋಪವೆಲ್ಲ ಇಳಿದು ಮುಖ ಮಗುವಿನದಾಗಿತ್ತು.

“ಯಾರೋ ನನ್ನ ಮೇಲೆ ಕಂಪ್ಲೇಂಟ್ ಕೊಟ್ಟಿದಾರಂತೆ ಮಾರಾಯ. ಹೆಸರು ಹೇಳ್ಲಿಲ್ಲ. ಅಖ್ತರ್ ಬಾನು ಆಗ್ಲೇ ಪೆಟ್ಟಿಗೆ ತುಂಬಿಸಿಟ್ಟಿದಾಳೆ. ನಂಗೆ ಇದೆಲ್ಲ ಗೊತ್ತಾಗಲ್ಲ. ಒಳ್ಳೆ ವಕೀಲರು ಇದ್ರೆ ಹೇಳು. ಬೆಳಿಗ್ಗೆ ಕೊಟ್ಟ ಐದು ಸಾವಿರ ಇದ್ರೆ ಅವರಿಗೆ ಫೀಸಾಗುತ್ತೆ.”

“ಫೀಸು ಆಗ್ಲೇ ಅವರ ಹತ್ರ ಇದೆ ಕಮಾಲು” ಎಂದ ರೇಣುಕಪ್ಪ. ಆಮೇಲೆ ಅವನ ಪಕ್ಕದಲ್ಲಿ ಕೂತು, ಸಹಿ ಹಾಕಿದ ಬಲಗೈಯನ್ನು ಮುಂದಕ್ಕೆ ಚಾಚಿದ.

“ನಿನ್ನೆ ಮುರೀತೀನಿ ಅಂದಿದ್ಯಲ್ಲ, ಮೊದ್ಲು ಅದನ್ನ ಮುಗಿಸು. ಆಮೇಲೆ ಎಲ್ಲಾ ಹೇಳ್ತೀನಿ.”