ಜಾಮ್ ಬಾಟಲಿಯ ಮೇಲೆ ಅತ್ತೆ

ಜಾಮ್ ಬಾಟಲಿಯ ಮೇಲೆ ನಗುತ್ತಾ ಕೂತಿರುತ್ತಾಳಲ್ಲ ಬೆಳ್ಳಿಕೂದಲ ಅಜ್ಜಿ, ಆಕೆಯೇ ಖುದ್ದಾಗಿ ಒಲೆ ಮುಂದೆ ನಿಂತು ಅಷ್ಟೂ ಜಾಮ್ ಕಾಯಿಸುತ್ತಾಳೆ ಎಂದು ನಾನು ಬಹಳ ಕಾಲ ನಂಬಿದ್ದೆ. ಬಹಳ ಕಾಲವೆಂದರೆ, ಮದುವೆಯಾಗುವವರೆಗೆ! ಅದೇ ಅಜ್ಜಿ ಮಂಡಿನೋವಿನ ಮುಲಾಮಿನ ಡಬ್ಬಿಯ ಮೇಲೂ ಕಂಡಾಗ, "ಪಾಪ, ನಿಂತು ನಿಂತು ಮಂಡಿ ಹಿಡ್ಕೊಂಡಿರಬೇಕು" ಎಂದು ಮರುಗಿದೆ. ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ರೀ, ಅವಳು ಫೋಟೋಕ್ಕೆ ನಿಲ್ಲೋ ಅಜ್ಜಿ!"

ಅಂದೇ ಶಪಥ ಮಾಡಿದೆ: ನಮ್ಮ ಜಾಮಿನ ಮೇಲೆ ಅಪ್ಪಟ ಅಜ್ಜಿಯೇ ಇರಬೇಕು! ನಮ್ಮ ಜಾಮೆಂದರೆ ಅತ್ತೆಯ ಜಾಮ್. ಹೆಂಡತಿಯ ತಾಯಿ ಬೀದಿಯ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಕಿತ್ತಳೆ ಜಾಮ್ ಮಾಡಲು ಹೊರಟಿದ್ದರು. ಮೂಲೆ ಅಂಗಡಿಯವನು, "ಒಂದು ವಾರ ಶೆಲ್ಫ್ ಕೊಡ್ತೀನಿ. ಖಾಲಿಯಾದ್ರೆ ಶೆಲ್ಫು ನಿಮ್ದು, ಇಲ್ಲಾಂದ್ರೆ ಜಾಮು ನಿಮ್ದು" ಎಂದಿದ್ದ. ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿದಿತ್ತು. ಲೇಬಲ್ಲಿನ ಹೊಣೆ ನಾನೇ ಹೊತ್ತೆ. ವಿಮಾ ಕಚೇರಿಯಲ್ಲಿ ದಿನವಿಡೀ ಮುದ್ರೆ ಒತ್ತುವವನಿಗೆ ಬ್ರಾಂಡ್ ಕಟ್ಟುವುದು ಯಾವ ಮಹಾ!

"ಅತ್ತೆ, ಸೌಟು ಸ್ವಲ್ಪ ಮೇಲೆ. ಮುಖಕ್ಕೆ ಬೆಳಕು ಬರಲಿ."

"ಅಳಿಯಂದ್ರೇ, ಜಾಮ್ ತಳ ಹಿಡಿಯುತ್ತೆ."

"ಇನ್ನೊಂದೇ ಒಂದು. ಕಣ್ಣಲ್ಲಿ ಮಮತೆ ತನ್ನಿ."

"ತಳ ಹಿಡೀತಿದೆ ಅಂದೆ!"

"ಗಲ್ಲ ಒಂಚೂರು ಎಡಕ್ಕೆ..."

ಹಿಡಿಯಿತು. ಸೀದ ವಾಸನೆ ಬೀದಿಯ ತುದಿ ಮುಟ್ಟಿತು. ಅತ್ತೆ ತಿರುಗಿ ನನ್ನನ್ನು ನೋಡಿದರು. ಆ ನೋಟಕ್ಕೆ ಬೆಚ್ಚಿ ನನ್ನ ಬೆರಳು ತಾನಾಗಿ ಕ್ಯಾಮೆರಾದ ಗುಂಡಿ ಒತ್ತಿತು. ನನ್ನ ಹಣೆಬರಹ ನೋಡಿ, ತೆಗೆದ ರಾಶಿ ಫೋಟೋಗಳಲ್ಲಿ ಅಲುಗಾಡದೆ ಬಂದದ್ದು ಅದೊಂದೇ! ಹೆಂಗಸರು ಮತ್ತೆ ಹೊಸ ಜಾಮ್ ಕಾಯಿಸಿದರು; ಇತ್ತ ಲೇಬಲ್ ಅಚ್ಚು ಹಾಕುವ ಪ್ರೆಸ್ಸಿನವನು ಅವಸರ ಮಾಡಿದ. ಆ ಫೋಟೋವನ್ನೇ ಕಳಿಸಿಬಿಟ್ಟೆ.

ಲೇಬಲ್ ನೋಡಿ ಹೆಂಡತಿ ಹೌಹಾರಿದಳು. "ಈ ಮುಖದ ಕೆಳಗೆ 'ಪ್ರೀತಿಯಿಂದ, ನಿಮಗಾಗಿ' ಅಂತ ಹಾಕ್ಸಿದ್ದೀರಲ್ಲ! ಬೆದರಿಕೆ ಪತ್ರದ ಥರ ಇದೆ!"

"ಅದು ಪರಿಶುದ್ಧತೆಯ ದೃಷ್ಟಿ ಕಣೇ."

"ಶನಿದೃಷ್ಟಿ!"

ವಾರದ ಅರ್ಧ ಕಳೆದರೂ ಒಂದು ಬಾಟಲಿಯೂ ಕದಲಲಿಲ್ಲ. ಗಿರಾಕಿಗಳು ಕೈ ಚಾಚುವರು. ಅತ್ತೆಯ ಕಣ್ಣಿಗೆ ಕಣ್ಣು ಕೂಡಿದ್ದೇ ತಡ, ಕೈ ಹಿಂದಕ್ಕೆ! ಬೀದಿಯ ಹೆಂಗಸರು ನನ್ನ ತಲೆ ಕಂಡರೆ ಕಿಟಕಿ ಮುಚ್ಚತೊಡಗಿದರು. ಮನೆಯಲ್ಲಂತೂ ನನ್ನ ತಟ್ಟೆಗೆ ಮೂರು ಹೊತ್ತೂ ಆ ಸೀದ ಜಾಮೇ.

ಕೊನೆಗೆ ಹೇಗೋ ಧೈರ್ಯ ಮಾಡಿ ಒಂದು ಬಾಟಲಿ ಒಯ್ದ ಹೆಂಗಸೊಬ್ಬಳು ಮರುದಿನ ಓಡೋಡಿ ಬಂದಳು.

"ಇದನ್ನ ಫ್ರಿಜ್ಜಲ್ಲಿ ಮುಂದಿಟ್ರೆ ಹಿಂದಿರೋ ಚಾಕೊಲೇಟ್ ಯಾರೂ ಮುಟ್ಟಲ್ಲ ಕಣ್ರೀ! ಮಕ್ಕಳಿರಲಿ, ನಮ್ಮನೆಯವ್ರೂ! ಇನ್ನೂ ಎರಡು ಕೊಡಿ, ಅಕ್ಕಿ ಡಬ್ಬದಲ್ಲಿ ದುಡ್ಡಿಡ್ತೀನಿ, ಅದಕ್ಕೂ ಕಾವಲು ಬೇಕು."

ಸುದ್ದಿ ಹಬ್ಬಿತು. ವಾರ ಮುಗಿಯುವ ಮೊದಲೇ ಶೆಲ್ಫ್ ಬಟಾಬಯಲು! ಕಿಟಕಿಗಳು ತೆರೆದವು. ನಾನು ಕಾಲರ್ ಏರಿಸಿಕೊಂಡು ಓಡಾಡತೊಡಗಿದೆ.

ಮುಂದೆ ಮಾಡಲಿದ್ದ ಅನಾನಸ್ ಜಾಮಿಗೆ ಅದೇ ನೋಟ, ಬೇರೆ ಭಂಗಿ ಬೇಕೆಂದು ಅಂಗಡಿಯವನು ಪಳಗಿದ ಫೋಟೋಗ್ರಾಫರನನ್ನೇ ಕರೆತಂದ. ಆದರೆ ಶೆಲ್ಫ್ ಸಿಕ್ಕ ಖುಷಿಗೆ ಅತ್ತೆಯ ಮುಖದಿಂದ ನಗು ಇಳಿಯಲೊಲ್ಲದು. "ಕೋಪ ಮಾಡ್ಕೊಳ್ಳಿ" ಎಂದಷ್ಟೂ ಕಿಲಕಿಲ! ಅಂಗಡಿಯವನು ಸೋತು, ತಲೆ ಕೆರೆದುಕೊಂಡ.

"ಅಮ್ಮಾ, ತಪ್ಪು ತಿಳೀಬೇಡಿ. ಆವತ್ತು ಆ ಭಯಂಕರ ಮುಖ ಹೇಗ್ ಬಂತು?"

"ಅದು ನಿರ್ದೇಶನದ..." ಎಂದು ನಾನು ಎದೆಯುಬ್ಬಿಸಿದೆ.

ಅತ್ತೆ ನಗುತ್ತಲೇ ಅಂದರು: "ಕ್ಯಾಮೆರಾ ನಮ್ಮ ಅಳಿಯಂದ್ರ ಕೈಗೆ ಕೊಡಿ. ತಾನಾಗೇ ಬರುತ್ತೆ."